ಹಿರಿಯ ಮಗನ ಹಿಸ್ಸೆ: ರೆಂಬ್ರಾಂಟನ ಚಿತ್ರವೊಂದರ ಮರುನೋಟ

ರೆಂಬ್ರಾಂಟನು ತನ್ನ ಕೊನೆಯ ವರ್ಷಗಳಲ್ಲಿ, ಸುಮಾರು 1668ರಲ್ಲಿ, ರಚಿಸಿದ ದುಂದುಗಾರ ಮಗನ ಚಿತ್ರ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರ ಪ್ರತಿಗಳು ಮಾತ್ರ ನಮ್ಮ ಧ್ಯಾನಕೂಟಗಳವರೆಗೂ ಬಂದಿವೆ. ಹೆನ್ರಿ ನೌವೆನ್ 1992ರಲ್ಲಿ ಇದರ ಕುರಿತು ಗ್ರಂಥ ಪ್ರಕಟಿಸಿದ ತರುವಾಯ, ಮಗನ ಬೆನ್ನಿನ ಮೇಲಿರುವ ಕೈಗಳಲ್ಲಿ ಒಂದು ತಂದೆಯದು, ಇನ್ನೊಂದು ತಾಯಿಯದು ಎಂಬ ವ್ಯಾಖ್ಯಾನ ಬೋಧಕರ ನಾಲಿಗೆಯ ಮೇಲೆ ನೆಲೆಸಿದೆ. ವ್ಯಾಖ್ಯಾನ ಸೊಗಸಾದುದೇ; ಬಳಸಿ ಬಳಸಿ ಸವೆದದ್ದೂ ಹೌದು. ನಮ್ಮ ದೃಷ್ಟಿ ನಿಲ್ಲುವುದು ಬಲಬದಿಯಲ್ಲಿ ಕೋಲು ಹಿಡಿದು ನೆಟ್ಟಗೆ ನಿಂತವನ ಮೇಲೆ. ಬಹುಮಂದಿ ಅವನನ್ನು ಹಿರಿಯ ಮಗನೆಂದೇ ಗುರುತಿಸುತ್ತಾರೆ. ತಂದೆಯ ಹೆಗಲ ಮೇಲಿನ ಕೆಂಪು ವಸ್ತ್ರವೇ ಅವನ ಮೇಲೂ ಇದೆ. ಬೆಳಕೂ ಅವನ ಮುಖವನ್ನು ಬಿಟ್ಟಿಲ್ಲ.

ಆದರೆ ಲೂಕನ ಶುಭಸಂದೇಶದಲ್ಲಿ ಈ ಅಪ್ಪುಗೆಯ ಹೊತ್ತಿಗೆ ಹಿರಿಯನು ಅಲ್ಲಿಲ್ಲ, ಹೊಲದಲ್ಲಿದ್ದಾನೆ. ಸಂಜೆ ವಾದ್ಯದ ಸದ್ದು ಕೇಳಿ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಮುಧೋಳದ ಕಬ್ಬಿನ ಗದ್ದೆಯಿಂದಲೋ ರಬಕವಿ-ಬನಹಟ್ಟಿಯ ಮಗ್ಗದ ಗುಂಡಿಯಿಂದಲೋ ಎದ್ದು ಬಂದ ಹಿರಿಯ ಮಗನಿಗೆ ಈ ಸಿಟ್ಟಿನ ಅರ್ಥ ಹೇಳಿಕೊಡಬೇಕಾಗಿಲ್ಲ. ವಾಟಣಿಯಾದ ಮೇಲೆ ಉಳಿದದ್ದು ಯಾರದು? ತಂದೆ ಆಸ್ತಿಯನ್ನು ಇಬ್ಬರಿಗೂ ಹಂಚಿದನೆಂದು ಹನ್ನೆರಡನೆಯ ವಚನವೇ ಹೇಳುತ್ತದೆ. ಕಿರಿಯನ ಹಿಸ್ಸೆ ದೂರದ ನಾಡಿನಲ್ಲಿ ಕರಗಿತು. ಹಾಗಾದರೆ ಕೊಬ್ಬಿದ ಕರು, ಉಂಗುರ, ನಿಲುವಂಗಿ ಎಲ್ಲವೂ ಹಿರಿಯನಿಗೆ ಸಲ್ಲಬೇಕಾದ ಪಾಲಿನಿಂದಲೇ ಬಂದವು. ತಂದೆ ಕ್ಷಮಿಸಿದ್ದಾನೆ, ಬೆಲೆ ಹಿರಿಯನ ಮೇಲೆ ಬಿದ್ದಿದೆ. ಕ್ಷಮೆಯನ್ನು ಬರಿಯ ಭಾವನೆಯೆಂದು ಬೋಧಿಸುವ ನಾವು ಈ ಲೆಕ್ಕವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಚಿತ್ರಕಾರನು ಈ ಲೆಕ್ಕ ಬಲ್ಲವನೆಂದೇ ನಮಗೆ ತೋರುತ್ತದೆ. ಹಿರಿಯನ ಮುಖದಲ್ಲಿ ದ್ವೇಷವಿಲ್ಲ. ಕೋಲಿನ ಮೇಲೆ ಒಂದರ ಮೇಲೊಂದು ಕಟ್ಟಿದ ಕೈಗಳು ಮಾತ್ರ ಬಿಚ್ಚಿಕೊಂಡಿಲ್ಲ. ತಂದೆಯ ಚಾಚಿದ ಕೈಗಳ ಎದುರು ಈ ಕಟ್ಟಿದ ಕೈಗಳನ್ನಿಟ್ಟದ್ದೇ ಚಿತ್ರದ ಅಸಲು ದೈವಶಾಸ್ತ್ರ. ಹಾಗಿದ್ದೂ ನಮ್ಮದೊಂದು ತಕರಾರಿದೆ. 1636ರ ತನ್ನ ಎಚ್ಚಣೆಯಲ್ಲಿ ತಂದೆಯನ್ನು ಮಗನತ್ತ ಬಾಗಿ ಬರುವವನನ್ನಾಗಿ ಕಂಡ ಕಲಾವಿದನು ಇಲ್ಲಿ ಅವನನ್ನು ನಿಶ್ಚಲವಾಗಿ ನಿಲ್ಲಿಸಿದ್ದಾನೆ. ಸಾಮತಿಯ ತಂದೆಯಾದರೋ ಎರಡು ಬಾರಿ ಮನೆಯಿಂದ ಹೊರಬೀಳುತ್ತಾನೆ: ಕಿರಿಯನಿಗಾಗಿ ಓಡಿ, ಹಿರಿಯನಿಗಾಗಿ ಬೇಡಿಕೊಳ್ಳಲು. ಈ ಎರಡನೆಯ ಹೊರಹೋಗುವಿಕೆಗೆ ಚಿತ್ರದಲ್ಲಿ ಜಾಗವಿಲ್ಲ. ಹಿರಿಯನನ್ನು ಮೊದಲೇ ಒಳಗೆ ತಂದುದರಿಂದ ಅವನನ್ನು ಕರೆಯಲು ಯಾರೂ ಹೋಗಬೇಕಾಗಿಲ್ಲ.

ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ಮರಳುವಿಕೆಯನ್ನು ಕೇಳುವ ಯಾಜಕರಾದ ನಾವು ವೃತ್ತಿಯಿಂದಲೇ ಹಿರಿಯ ಮಕ್ಕಳು. ಮನೆ ಬಿಟ್ಟು ಹೋದವರಲ್ಲ. ನಮ್ಮ ಬಳಿಗೂ ತಂದೆ ಅಂಗಳಕ್ಕಿಳಿದು ಬರುತ್ತಾನೆಂಬುದನ್ನು ಈ ಚಿತ್ರವೊಂದರಿಂದಲೇ ಕಲಿಯಲಾಗದು. ಆದುದರಿಂದ ತರಗತಿಯಲ್ಲಿ ಇದನ್ನು ತೋರಿಸುವ ಮುನ್ನ ನಾವು ಇಪ್ಪತ್ತೆಂಟನೆಯ ವಚನವನ್ನು ಓದಿಸುತ್ತೇವೆ. ಹಿರಿಯನು ಒಳಗೆ ಬಂದನೇ ಇಲ್ಲವೇ ಎಂಬುದನ್ನು ಲೂಕನೂ ಬರೆದಿಲ್ಲ.