ಪೂರ್ವಾಪರದ ಓದು: ತದಬ್ಬುರ್ ಮತ್ತು ವಿಶ್ವಾಸದ ಆಳ

ಧರ್ಮಗ್ರಂಥವನ್ನು ಓದುವ ಬಗೆಗಳನ್ನು ಸೂಚಿಸಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಪಠಣ, ಪಾರಾಯಣ, ಶ್ರವಣ, ಮನನ ಇವೆಲ್ಲ ನಮಗೆ ಬಳಕೆಯ ಮಾತುಗಳೇ. ಆದರೆ ಕುರ್‌ಆನ್ ತನ್ನ ಓದುಗರಿಂದ ಬಯಸುವ ಓದನ್ನು ಕನ್ನಡದಲ್ಲಿ ಹೆಸರಿಸಹೊರಟಾಗ ಇವುಗಳಲ್ಲಿ ಯಾವುದೂ ಪೂರ್ತಿ ಒದಗುವುದಿಲ್ಲ. ಆ ಓದಿಗೆ ಅರಬ್ಬಿಯಲ್ಲಿರುವ ಹೆಸರು 'ತದಬ್ಬುರ್'. ಇದರ ಕ್ರಿಯಾರೂಪಗಳು ಗ್ರಂಥದಲ್ಲಿ ನಾಲ್ಕು ಕಡೆ ಬರುತ್ತವೆ: 4ನೆಯ ಅಧ್ಯಾಯದ 82, 23ರ 68, 38ರ 29 ಮತ್ತು 47ರ 24ನೆಯ ಸೂಕ್ತಗಳಲ್ಲಿ. ಧಾತುವಿನ ಮೂಲಾರ್ಥ ಬೆನ್ನು, ಹಿಂಬದಿ, ಕೊನೆ ಎಂದು. ಒಂದು ಮಾತಿನ ಹಿಂದೆ ಏನಿದೆ, ಅದು ಕಡೆಗೆ ಎಲ್ಲಿಗೆ ಮುಟ್ಟಿಸುತ್ತದೆ ಎಂದು ನೋಡುವುದೇ ತದಬ್ಬುರ್. ನಮ್ಮ ಆಡುನುಡಿಯ 'ಹಿಂದುಮುಂದು ನೋಡು' ಎಂಬ ಮಾತು ಇದಕ್ಕೆ ತೀರ ಸಮೀಪದ್ದು. ಶಿಷ್ಟ ರೂಪ ಬೇಕೆಂದರೆ 'ಪೂರ್ವಾಪರ ವಿಚಾರ' ಎನ್ನಬಹುದು. 'ಮನನ' ಎಂದೊಡನೆ ವೇದಾಂತದ ಶ್ರವಣ-ಮನನ-ನಿದಿಧ್ಯಾಸನಗಳ ಕ್ರಮ ನೆನಪಿಗೆ ಬಂದು ದಾರಿ ಬೇರೆಯಾಗುತ್ತದೆ.

ಪದದ ಚರ್ಚೆಯಿಂದ ಆರಂಭಿಸಲು ಕಾರಣವಿದೆ. ಕುರ್‌ಆನಿನ ಚಿಂತನಪೂರ್ವಕ ಅಧ್ಯಯನದಿಂದ ವಿಶ್ವಾಸ ಆಳವಾಗುತ್ತದೆ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ಆಳವಾಗುವುದೆಂದರೇನು? ಮೊದಲೇ ಇದ್ದದ್ದು ಇನ್ನಷ್ಟು ಗಟ್ಟಿಯಾಗುವುದೇ, ಅಥವಾ ಇದ್ದದ್ದು ಬದಲಾಗುವುದೇ? ಗ್ರಂಥವೇ ಈ ಪ್ರಶ್ನೆಯನ್ನು ಸರಳಗೊಳಿಸಿಲ್ಲ. 8ನೆಯ ಅಧ್ಯಾಯದ ಆರಂಭದಲ್ಲಿ ಸೂಕ್ತಗಳನ್ನು ಕೇಳಿದಾಗ ವಿಶ್ವಾಸಿಗಳ ವಿಶ್ವಾಸ ಹೆಚ್ಚುತ್ತದೆ ಎಂದಿದೆ. 9ನೆಯ ಅಧ್ಯಾಯದ 124 ಮತ್ತು 125ನೆಯ ಸೂಕ್ತಗಳಲ್ಲಾದರೆ, ಅವತೀರ್ಣವಾದ ಅದೇ ಮಾತು ಕೆಲವರಲ್ಲಿ ವಿಶ್ವಾಸವನ್ನೂ ಹೃದಯದಲ್ಲಿ ರೋಗವಿರುವವರಲ್ಲಿ ಕಲ್ಮಷವನ್ನೂ ಬೆಳೆಸುತ್ತದೆ. ಓದಿಗೆ ತನ್ನಷ್ಟಕ್ಕೆ ತಾನೇ ಫಲವಿದೆ ಎಂಬ ಭರವಸೆ ಇಲ್ಲಿಲ್ಲ. ಇನ್ನು 2ನೆಯ ಅಧ್ಯಾಯದ 260ನೆಯ ಸೂಕ್ತದಲ್ಲಿ ಇಬ್ರಾಹೀಮರು ಸತ್ತವರನ್ನು ಬದುಕಿಸುವ ಬಗೆಯನ್ನು ತೋರಿಸೆಂದು ಕೇಳುತ್ತಾರೆ; ನಿನಗೆ ವಿಶ್ವಾಸವಿಲ್ಲವೇ ಎಂಬ ಮರುಪ್ರಶ್ನೆಗೆ, ಇದೆ, ಆದರೆ ಹೃದಯಕ್ಕೆ ನೆಮ್ಮದಿ ಬೇಕು ಎನ್ನುತ್ತಾರೆ. ವಿಶ್ವಾಸವಿದ್ದೂ ಕೇಳಬಹುದು ಎಂಬುದಕ್ಕೆ ಪ್ರವಾದಿಯೊಬ್ಬರೇ ನಿದರ್ಶನ.

ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ ಎರಡು ನೆಲೆಗಳನ್ನು ಪ್ರಸ್ತುತ ಲೇಖನದಲ್ಲಿ ಮುಖಾಮುಖಿಯಾಗಿಸಲು ಯತ್ನಿಸಿದೆ. ಒಂದು, ಅಬೂ ಹಾಮಿದ್ ಅಲ್ ಗಝಾಲಿಯ (1058–1111) 'ಇಹ್ಯಾ ಉಲೂಮಿದ್ದೀನ್'. ಇನ್ನೊಂದು, ನಮ್ಮ ದೇಶದಲ್ಲೇ ಆಜಂಗಢದ ಪರಿಸರದಲ್ಲಿ ರೂಪುಗೊಂಡ ಹಮೀದುದ್ದೀನ್ ಫರಾಹಿ (1863–1930) ಮತ್ತು ಅವರ ಶಿಷ್ಯ ಅಮೀನ್ ಅಹ್ಸನ್ ಇಸ್ಲಾಹಿ (1904–1997) ಅವರ ಪರಂಪರೆ.

ಗಝಾಲಿ 1095ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಪ್ರತಿಷ್ಠಿತ ಪೀಠವನ್ನು ತೊರೆದು ಹೊರಟ ವಿದ್ವಾಂಸ. 'ಇಹ್ಯಾ' ಆ ನಿರ್ಗಮನದ ನಂತರದ ಕೃತಿ. ಅದರ ನಲವತ್ತು ಭಾಗಗಳಲ್ಲಿ ಎಂಟನೆಯದು ಕುರ್‌ಆನ್ ಪಠಣದ ನಿಯಮಗಳನ್ನು ಕುರಿತದ್ದು. ಹೊರಗಿನ ನಿಯಮಗಳು ಹತ್ತು, ಒಳಗಿನವು ಹತ್ತು. ಒಳಗಿನ ಹತ್ತರಲ್ಲಿ ತದಬ್ಬುರ್ ನಾಲ್ಕನೆಯದು ಮಾತ್ರ ಎಂಬುದು ಗಮನಾರ್ಹ. ಅದರ ಮುಂದೆ ಅರ್ಥಗ್ರಹಣ, ಅರ್ಥಕ್ಕಿರುವ ಅಡ್ಡಿಗಳ ನಿವಾರಣೆ, ಪ್ರತಿಯೊಂದು ಮಾತೂ ತನ್ನನ್ನೇ ಉದ್ದೇಶಿಸಿದೆ ಎಂದು ತಿಳಿಯುವ 'ತಖ್ಸೀಸ್', ಮನಸ್ಸು ಅದಕ್ಕೆ ತಕ್ಕಂತೆ ಕಲಕುವುದು, ಮೇಲೇರುವುದು, ಕೊನೆಗೆ ತನ್ನ ಸಾಮರ್ಥ್ಯದ ಹೆಮ್ಮೆಯನ್ನು ಕಳಚುವುದು ಇವೆ. ಚಿಂತನೆ ಇಲ್ಲಿ ಗುರಿಯಲ್ಲ, ನಡುದಾರಿ.

ಗಝಾಲಿಯ ಪ್ರತಿಭೆ ಪ್ರಕಟವಾಗುವುದು ಅಡ್ಡಿಗಳ ವಿವೇಚನೆಯಲ್ಲಿ. ನಾಲ್ಕು ತೆರೆಗಳನ್ನು ಅವನು ಹೇಳುತ್ತಾನೆ. ಮೊದಲನೆಯದು ಅಕ್ಷರಗಳ ಉಚ್ಚಾರಸ್ಥಾನದ ಬಗೆಗಿನ ಅತಿಯಾದ ಗೀಳು. (ಪಾರಾಯಣದ ಸಂಪ್ರದಾಯವಿರುವ ಯಾವ ಮತದವರೂ ಇದನ್ನು ಓದಿ ಸಣ್ಣಗೆ ನಗದಿರಲಾರರು.) ಮೂರನೆಯದು ಪಾಪದಲ್ಲಿ ಅಥವಾ ಅಹಂಕಾರದಲ್ಲಿ ನೆಲೆನಿಂತಿರುವುದು, ನಾಲ್ಕನೆಯದು ಹಿಂದಿನವರ ವ್ಯಾಖ್ಯಾನವನ್ನು ಬಿಟ್ಟರೆ ಬೇರೆ ಅರ್ಥವೇ ಇಲ್ಲವೆಂಬ ಗ್ರಹಿಕೆ. ಇವು ನಿರೀಕ್ಷಿತವೇ. ಎರಡನೆಯದು ಹಾಗಲ್ಲ. ಕೇಳಿ ಕಲಿತ ಮತಪಕ್ಷವೊಂದಕ್ಕೆ ಮನಸ್ಸನ್ನು ಕಟ್ಟಿಹಾಕಿಕೊಳ್ಳುವುದನ್ನು ಅವನು ತೆರೆ ಎಂದು ಕರೆದು ಅಷ್ಟಕ್ಕೇ ನಿಲ್ಲುವುದಿಲ್ಲ. ಹಾಗೆ ಕಲಿತದ್ದು ಸತ್ಯವೇ ಆಗಿದ್ದರೂ ಅಡ್ಡಿಯಾಗಬಲ್ಲುದು ಎನ್ನುತ್ತಾನೆ. ಸತ್ಯಕ್ಕೆ ಮೇಲ್ಮೈಯೂ ಒಳಪದರಗಳೂ ಇರುವುದರಿಂದ, ಮೇಲ್ಮೈಯನ್ನು ಭದ್ರವಾಗಿ ಹಿಡಿದವನ ಕೈ ಒಳಕ್ಕೆ ಹೋಗುವುದಿಲ್ಲ ಎಂಬುದು ಅವನ ವಾದ. ಸರಿಯಾದ ನಂಬಿಕೆಯೇ ನಂಬಿಕೆಯ ಆಳಕ್ಕೆ ಅಡ್ಡವಾಗುವ ಈ ಸಂಭವವನ್ನು ಇಷ್ಟು ನಿಷ್ಠುರವಾಗಿ ಹೇಳಿದ ಧಾರ್ಮಿಕ ಲೇಖಕರು ವಿರಳ.

ಆದರೆ ಗಝಾಲಿಯ ಓದುಗ ಬಿಡಿ ಸೂಕ್ತದ ಓದುಗ. ಪ್ರವಾದಿಯ ಸಂಗಡಿಗ ತಮೀಮ್ ಅದ್ದಾರಿ 45ನೆಯ ಅಧ್ಯಾಯದ 21ನೆಯ ಸೂಕ್ತವೊಂದನ್ನೇ ಇಡೀ ರಾತ್ರಿ ಮರುಉಚ್ಚರಿಸಿದ ಪ್ರಸಂಗವನ್ನು ಅವನು ಮೆಚ್ಚಿ ಸ್ಮರಿಸುತ್ತಾನೆ. ಕೆಡುಕು ಮಾಡಿದವರು ತಾವೂ ಸಜ್ಜನ ವಿಶ್ವಾಸಿಗಳೂ ಸಮಾನರೆಂದು ಭಾವಿಸಿದ್ದಾರೆಯೇ ಎಂಬುದು ಆ ಸೂಕ್ತದ ಪ್ರಶ್ನೆ. ತಮೀಮರಿಗೆ ಅದು ತಾನು ಯಾವ ಕಡೆಯವನು ಎಂಬ ಪ್ರಶ್ನೆಯಾಯಿತು. ಅದೇ ಸೂಕ್ತವನ್ನು ಬಿಡಿಯಾಗಿ ಎತ್ತಿಕೊಂಡವನು ಅದನ್ನು ನೆರೆಯವನ ಮೇಲೆ ಬೀಸುವ ದೊಣ್ಣೆಯಾಗಿಯೂ ಮಾಡಿಕೊಳ್ಳಬಹುದಲ್ಲವೇ? ಇದನ್ನು ತಡೆಯಲು ಗಝಾಲಿಯ ಬಳಿ ಇರುವುದು ಓದುಗನ ಅಂತಃಶುದ್ಧಿಯೊಂದೇ. ಪಠ್ಯದ ಕಡೆಯಿಂದ ಯಾವ ಕಟ್ಟುಪಾಡೂ ಇಲ್ಲ.

ಆ ಕಟ್ಟುಪಾಡನ್ನು ಒದಗಿಸಿದವರು ಫರಾಹಿ. ಆಲಿಗಢದಲ್ಲಿ ಓದಿದ ಅವರು 1914ರಲ್ಲಿ ಹೈದರಾಬಾದಿನ ದಾರುಲ್ ಉಲೂಮಿನ ಪ್ರಾಂಶುಪಾಲರಾಗಿ ಬಂದು 1919ರವರೆಗೆ ಅಲ್ಲಿದ್ದರು. ಬೀದರ್, ಗುಲ್ಬರ್ಗಾ, ರಾಯಚೂರುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವೆಂಬುದನ್ನು ನೆನೆದರೆ ಕನ್ನಡ ವಿದ್ವತ್ತಿಗೆ ಈ ಪರಂಪರೆ ತೀರ ದೂರದ್ದೇನೂ ಅಲ್ಲ. ಅವರ ಕೇಂದ್ರ ಕಲ್ಪನೆ 'ನಜ್ಮ್', ಎಂದರೆ ಹೊಂದಿಕೆ. ಪ್ರತಿ ಸೂರಾಕ್ಕೂ ಒಂದು ಆಧಾರಸ್ತಂಭವಿದೆ. ಸೂಕ್ತಗಳು ಅದಕ್ಕೆ ಅಂಟಿಕೊಂಡೇ ಅರ್ಥ ಕೊಡುತ್ತವೆ. ಇಸ್ಲಾಹಿ ಇದನ್ನು ವಿಸ್ತರಿಸಿ, ಬಹುತೇಕ ಸೂರಾಗಳು ಜೋಡಿಗಳಾಗಿವೆ, 114 ಸೂರಾಗಳೂ ಏಳು ಗುಂಪುಗಳಾಗಿ ನಿಂತಿವೆ ಎಂದು ತಮ್ಮ ಒಂಬತ್ತು ಸಂಪುಟಗಳ ಉರ್ದು ವ್ಯಾಖ್ಯಾನ 'ತದಬ್ಬುರೆ ಕುರ್‌ಆನ್'ನಲ್ಲಿ ಪ್ರತಿಪಾದಿಸಿದರು. 4ನೆಯ ಅಧ್ಯಾಯದ 82ನೆಯ ಸೂಕ್ತ ತದಬ್ಬುರನ್ನೂ ಗ್ರಂಥದಲ್ಲಿ ಅಸಂಗತಿ ಇಲ್ಲದಿರುವುದನ್ನೂ ಒಟ್ಟಿಗೆ ಹೇಳುವುದರಿಂದ ಈ ಮಾರ್ಗಕ್ಕೆ ಗ್ರಂಥದೊಳಗೇ ಆಧಾರವಿದೆ. ಪಂಗಡಗಳ ಜಗಳಕ್ಕೆ ಸೂಕ್ತಗಳನ್ನು ಸಂದರ್ಭದಿಂದ ಕಿತ್ತು ಬಳಸುವುದೇ ಕಾರಣವೆಂಬುದು ಇವರಿಬ್ಬರ ದೃಢ ನಿಲುವು. ಮುಸ್ತನ್ಸಿರ್ ಮೀರ್ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಧಾನವನ್ನು ಇಂಗ್ಲಿಷ್ ಬಲ್ಲ ವಿದ್ವಾಂಸರಿಗೆ ಪರಿಚಯಿಸಿತು.

ವಿಧಾನಕ್ಕಿಂತ ನನಗೆ ಮುಖ್ಯವೆನಿಸುವುದು ಆಣೆಗಳನ್ನು ಕುರಿತ ಫರಾಹಿಯವರ ವಿವೇಚನೆ. ಕುರ್‌ಆನಿನ ಹಲವು ಸೂರಾಗಳು ಕಾಲ, ಸೂರ್ಯ, ಅಂಜೂರ ಮೊದಲಾದವುಗಳ ಆಣೆಯಿಂದ ಆರಂಭವಾಗುತ್ತವೆ. ದೇವರು ತನಗಿಂತ ಕಿರಿದಾದ ವಸ್ತುಗಳ ಮೇಲೆ ಆಣೆ ಇಡುವುದೇಕೆ ಎಂಬ ಆಕ್ಷೇಪ ಹಳೆಯದು. ಆಣೆಯ ತಿರುಳು ಸಾಕ್ಷ್ಯ, ಗೌರವವಲ್ಲ ಎಂಬುದು ಫರಾಹಿಯವರ ಉತ್ತರ. 'ಕಾಲದ ಮೇಲಾಣೆ' ಎಂದರೆ ಕಾಲವನ್ನು ಸಾಕ್ಷಿಯಾಗಿ ಕರೆದದ್ದು. ಈ ವಾದವನ್ನು ಕನ್ನಡಿಗನಿಗೆ ಮನಗಾಣಿಸುವುದು ಬಹುಶಃ ಬೇರೆಲ್ಲರಿಗಿಂತ ಸುಲಭ: ನಮ್ಮ 'ಪ್ರಮಾಣ' ಎಂಬ ಒಂದೇ ಪದ ಆಣೆಯೂ ಹೌದು, ಜ್ಞಾನದ ಆಧಾರವೂ ಹೌದು. ಅನುವಾದದಲ್ಲಿ 'ಆಣೆ' ಎಂದೇ ಬರೆದರೆ ಮಾತು ಅಧಿಕಾರದಿಂದ ಬಾಯಿ ಮುಚ್ಚಿಸಿದಂತಾಗುತ್ತದೆ. 'ಪ್ರಮಾಣ' ಎಂದರೆ ಓದುಗನನ್ನು ವಿಚಾರಣೆಗೆ ಕರೆದಂತೆ. ಮೂರೇ ಸೂಕ್ತಗಳ 103ನೆಯ ಸೂರಾ 'ಅಸ್ರ್'ನಲ್ಲಿ ಮನುಷ್ಯ ನಷ್ಟದಲ್ಲಿದ್ದಾನೆ ಎಂಬ ಘೋಷಣೆಗೆ ಸರಿದುಹೋದ ಕಾಲ ಸಾಕ್ಷಿ ನಿಲ್ಲುತ್ತದೆ. ಓದುಗ ತನ್ನ ಕಳೆದ ದಿನಗಳನ್ನು ಹಿಂದಿರುಗಿ ನೋಡದೆ ಆ ಸಾಕ್ಷ್ಯವನ್ನು ಪರಿಶೀಲಿಸುವಂತಿಲ್ಲ. ಸಂಗತಿಯ ಶೋಧ ಇಲ್ಲಿ ತಾನಾಗಿಯೇ ಗಝಾಲಿಯ ತಖ್ಸೀಸ್ ಆಗುತ್ತದೆ.

ಎಲ್ಲ ಕಡೆಯೂ ಹೀಗಾಗಿಲ್ಲ. ಹೊಂದಿಕೆಯನ್ನು ಹಿಡಿದರೆ ಸೂಕ್ತಕ್ಕೆ ನಿಶ್ಚಿತವಾದ ಒಂದೇ ಅರ್ಥ ಉಳಿಯುತ್ತದೆ ಎಂಬುದು ಇವರ ನಿಲುವು. ಅದರ ಬೆಲೆ ಕಾಣುವುದು 105ನೆಯ ಸೂರಾ 'ಫೀಲ್'ನಲ್ಲಿ. ಆನೆಗಳೊಡನೆ ಬಂದ ಅಬ್ರಹನ ಸೇನೆಯ ಮೇಲೆ ಹಕ್ಕಿಗಳು ಕಲ್ಲೆಸೆದವೆಂಬುದು ಸಾಂಪ್ರದಾಯಿಕ ಅರ್ಥ. 'ಎಸೆ' ಎಂಬ ಕ್ರಿಯೆಯ ಅಲ್ಲಿನ ರೂಪ ಅರಬ್ಬಿಯಲ್ಲಿ ಹಕ್ಕಿಗಳಿಗೂ ಹೊಂದುತ್ತದೆ, ಮಧ್ಯಮಪುರುಷಕ್ಕೂ ಹೊಂದುತ್ತದೆ. ಎಸೆದವರು 'ನೀವು', ಎಂದರೆ ಕುರೈಷರು; ದೇವರು ಕಲ್ಲು ಹೊತ್ತ ಬಿರುಗಾಳಿಯಿಂದ ನೆರವಾದನು; ಹಕ್ಕಿಗಳು ಬಂದದ್ದು ಹೆಣಗಳನ್ನು ತಿನ್ನಲು ಎಂದು ಫರಾಹಿ ವಾದಿಸಿದರು. ಇಸ್ಲಾಹಿ ಅದನ್ನೇ ಅನುಸರಿಸಿದರು; ಮೌದೂದಿ ತಮ್ಮ ವ್ಯಾಖ್ಯಾನದಲ್ಲಿ ಅದನ್ನು ಒಪ್ಪಲಿಲ್ಲ. ಕನ್ನಡದಲ್ಲಿ ಈ ದ್ವಂದ್ವ ಉಳಿಯುವುದೇ ಇಲ್ಲ; 'ಎಸೆಯುತ್ತಿದ್ದವು' ಎನ್ನಬೇಕು, ಇಲ್ಲವೇ 'ಎಸೆಯುತ್ತಿದ್ದಿರಿ' ಎನ್ನಬೇಕು. ನನ್ನ ಮಟ್ಟಿಗೆ ಫರಾಹಿಯವರ ಅರ್ಥ ಒಪ್ಪತಕ್ಕದ್ದಲ್ಲ. ಹಕ್ಕಿಗಳ ಪ್ರಸ್ತಾಪ ಮುಗಿದ ಮರುಕ್ಷಣವೇ ಆ ಕ್ರಿಯಾಪದ ಬರುತ್ತದೆ. ಪೂರ್ವಾಪರವನ್ನೇ ನೆಚ್ಚಿದ ವಿಧಾನ ಇಲ್ಲಿ ಪೂರ್ವವನ್ನು ದಾಟಿ ಜಿಗಿದಿದೆ. ಮೇಲಾಗಿ ಈ ಸೂರಾದ ಜೋಡಿ ಎಂದು ಅವರೇ ಪರಿಗಣಿಸುವ 106ನೆಯದರಲ್ಲಿ ಕುರೈಷರು ಪಡೆದ ಉಪಕಾರಗಳ ಎಣಿಕೆಯಿದೆ, ಅವರ ಪರಾಕ್ರಮದ್ದಲ್ಲ.

ಹೀಗಿದ್ದೂ ಈ ತಪ್ಪು, ಇದು ತಪ್ಪೇ ಆಗಿದ್ದ ಪಕ್ಷದಲ್ಲಿ, ಬೆಲೆಯುಳ್ಳದ್ದು. ಬಾಲ್ಯದಿಂದ ಬಾಯಿಪಾಠವಾದ ಐದು ಸೂಕ್ತಗಳನ್ನು ಎಂದೂ ಕೇಳದವರಂತೆ ಮತ್ತೆ ಓದಿ, ಪರಂಪರೆಯ ಎದುರು ಏಕಾಕಿಯಾಗಿ ನಿಂತ ವಿಶ್ವಾಸಿಯೊಬ್ಬರು ಇದರಲ್ಲಿ ಕಾಣುತ್ತಾರೆ. ಗಝಾಲಿ ಹೇಳಿದ ಎರಡನೆಯ ತೆರೆಯನ್ನು ಅವರು ಸರಿಸಿದ್ದರು. ಆಕ್ಷೇಪಿಸಬೇಕಾದದ್ದು, ಒಬ್ಬರು ಸಾಹಸದಿಂದ ತಲುಪಿದ ಅರ್ಥ ಅವರ ನಂತರ 'ನಿಶ್ಚಿತ' ಎಂಬ ಮುದ್ರೆ ಪಡೆದು ಕಲಿತು ಒಪ್ಪುವ ಪಾಠವಾಗುವುದನ್ನು. ಒಂದೇ ಅರ್ಥವೆಂದು ಮೊದಲೇ ತೀರ್ಮಾನವಾದರೆ ತಮೀಮರಿಗೆ ಇಡೀ ರಾತ್ರಿ ಬೇಕಾಗುತ್ತಿರಲಿಲ್ಲ. 25ನೆಯ ಅಧ್ಯಾಯದ 73ನೆಯ ಸೂಕ್ತ, ದೇವರ ವಚನಗಳ ಮೇಲೆಯೂ ಕಿವುಡರಾಗಿ ಕುರುಡರಾಗಿ ಬೀಳದವರನ್ನು ಪ್ರಶಂಸಿಸುತ್ತದೆ. ವ್ಯಾಖ್ಯಾನಕಾರನ ವಚನಗಳ ಮಾತು ಹೇಳಬೇಕಾಗಿಲ್ಲ.

ಸೂರಾ 'ಅಸ್ರ್'ನ ಕೊನೆಯಲ್ಲಿ, ನಷ್ಟದಿಂದ ಪಾರಾಗುವವರು ಸತ್ಯವನ್ನೂ ಸಹನೆಯನ್ನೂ ಪರಸ್ಪರ ಬೋಧಿಸಿಕೊಳ್ಳುವವರು ಎಂದಿದೆ. ಅಲ್ಲಿ ಎರಡು ಬಾರಿ ಬರುವ ಕ್ರಿಯಾರೂಪ ಅನ್ಯೋನ್ಯತೆಯನ್ನು ಸೂಚಿಸುವಂಥದು. ಗಝಾಲಿಯ ರಾತ್ರಿಯ ಓದುಗ ಒಂಟಿ. ಫರಾಹಿ-ಇಸ್ಲಾಹಿಯವರ ಸಿದ್ಧಾಂತ ಏನೇ ಹೇಳಲಿ, ಅವರ ಬದುಕಿನಲ್ಲಿ ಓದು ಇಬ್ಬರ ನಡುವೆ ನಡೆಯಿತು. ಸರಾಯ್ ಮೀರ್‌ನ ಮದ್ರಸತುಲ್ ಇಸ್ಲಾಹ್‌ನಲ್ಲಿ 1925ರಿಂದ ಐದು ವರ್ಷ ಇಸ್ಲಾಹಿ ಗುರುವಿನೆದುರು ಕುಳಿತು ಕುರ್‌ಆನ್ ಓದಿದರು. 1930ರಲ್ಲಿ ಫರಾಹಿ ತೀರಿಕೊಂಡಾಗ ಅವರ ವ್ಯಾಖ್ಯಾನ ಮುಟ್ಟಿದ್ದು ಕೆಲವೇ ಸೂರಾಗಳನ್ನು. ಶಿಷ್ಯನ ಕೈಯಲ್ಲಿ ಅದು 'ಅನ್ನಾಸ್' ಸೂರಾದವರೆಗೆ ಬಂದು ಮುಗಿದಾಗ 1980 ಆಗಿತ್ತು.