ಕಿವಿಗೆ ಬೆರಳಿಟ್ಟು ಓಡಿದ ಯಾತ್ರಿಕ

ಪರಲೋಕ ವಿಶ್ವಾಸದ ಬಗ್ಗೆ ಹಳೆಯದೊಂದು ಆಕ್ಷೇಪವಿದೆ. ಸಾವಿನಾಚೆಗೆ ದೃಷ್ಟಿ ನೆಟ್ಟವನಿಗೆ ಪಕ್ಕದಲ್ಲಿರುವವರ ನೋವು ಕಾಣಿಸುವುದಿಲ್ಲ, ಅವನು ಹೊಣೆಗಾರಿಕೆಯಿಂದ ನುಣುಚಿಕೊಳ್ಳುತ್ತಾನೆ ಎಂಬುದು. ಇದನ್ನು ಮುಸ್ಲಿಮರೂ ಕೇಳಿದ್ದಾರೆ, ಕ್ರೈಸ್ತರೂ ಕೇಳಿದ್ದಾರೆ. ಈ ಆಕ್ಷೇಪವನ್ನು ಒರೆಗೆ ಹಚ್ಚಿ ನೋಡಲು ತಕ್ಕ ಕೃತಿ ಇಂಗ್ಲೆಂಡಿನ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’. 19ನೇ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಶನ್‌ನವರು ಇದನ್ನು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು.

ಕ್ರಿಶ್ಚಿಯನ್ ಎಂಬ ಹೆಸರಿನ ಒಬ್ಬಾತ ತನ್ನ ಊರು ನಾಶವಾಗಲಿದೆಯೆಂದು ಅರಿಯುತ್ತಾನೆ. ಅವನ ಬೆನ್ನ ಮೇಲೆ ಪಾಪದ ಹೊರೆಯಿದೆ. ಮನೆಯವರಿಗೆ ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಕೊನೆಗೆ ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿದ್ದರೂ ಕಿವಿಗೆ ಬೆರಳಿಟ್ಟುಕೊಂಡು ನಿತ್ಯಜೀವವನ್ನು ಅರಸಿ ಓಡುತ್ತಾನೆ. ಶಿಲುಬೆಯ ಬಳಿ ಅವನ ಹೊರೆ ಕಳಚಿ ಬೀಳುತ್ತದೆ. ಎಲ್ಲವನ್ನೂ ಮಾರಾಟಕ್ಕಿಟ್ಟ ಮಾಯಾಸಂತೆಯಲ್ಲಿ ಅವನ ಸಂಗಾತಿಯನ್ನು ಕೊಲ್ಲಲಾಗುತ್ತದೆ. ಕೊನೆಗೆ ಸಾವಿನ ನದಿ, ಅದರಾಚೆ ಸ್ವರ್ಗನಗರ.

ಆ ಓಟದ ದೃಶ್ಯ ಓದುಗನನ್ನು ಕಾಡದೆ ಬಿಡುವುದಿಲ್ಲ. ಇದು ಬರೀ ರೂಪಕ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅನುಮತಿಯಿಲ್ಲದೆ ಧರ್ಮಬೋಧನೆ ಮಾಡಿದ ಕಾರಣಕ್ಕೆ ಬನ್ಯನ್ 1660ರಿಂದ ಸುಮಾರು 12 ವರ್ಷ ಬೆಡ್‌ಫರ್ಡ್‌ನ ಸೆರೆಮನೆಯಲ್ಲಿದ್ದರು. ಇನ್ನು ಬೋಧಿಸುವುದಿಲ್ಲ ಎಂದಿದ್ದರೆ ಬಿಡುಗಡೆಯಾಗುತ್ತಿತ್ತು. ಅವರು ಹಾಗೆನ್ನಲಿಲ್ಲ. ಆದರೆ ಅವರು ತಮ್ಮ ಕಥಾನಾಯಕನಂತೆ ಕಿವಿ ಮುಚ್ಚಿಕೊಳ್ಳಲೂ ಇಲ್ಲ. ಸೆರೆಯಲ್ಲೇ ಲಾಡಿಗಳನ್ನು ತಯಾರಿಸಿ ಸಂಸಾರಕ್ಕೆ ನೆರವಾದರು. ಅಗಲಿಕೆಯ ಸಂಕಟವನ್ನು, ಅದರಲ್ಲೂ ಅಂಧ ಮಗಳ ಚಿಂತೆಯನ್ನು 1666ರ ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಇಲ್ಲಿ ಬರಹಕ್ಕಿಂತ ಬದುಕೇ ದೊಡ್ಡದಾಗಿ ಕಾಣುತ್ತದೆ.

1684ರಲ್ಲಿ ಬಂದ ಎರಡನೆಯ ಭಾಗ ಮೊದಲನೆಯದಕ್ಕೆ ಉತ್ತರವೆಂದೇ ನಾವು ಭಾವಿಸುತ್ತೇವೆ. ಅದರಲ್ಲಿ ಹೆಂಡತಿ, ನಾಲ್ವರು ಗಂಡುಮಕ್ಕಳು ಮತ್ತು ನೆರೆಮನೆಯ ತರುಣಿ ಅದೇ ದಾರಿಯಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಊರುಗೋಲಿನವನು, ದುರ್ಬಲ ಮನಸ್ಸಿನವನು, ಭಯಗ್ರಸ್ತ ಹುಡುಗಿ ಜೊತೆಗೂಡುತ್ತಾರೆ. ಮಾರ್ಗದರ್ಶಕನು ಅಶಕ್ತರಿಗೆ ತಕ್ಕಂತೆ ನಡಿಗೆಯನ್ನು ಹೊಂದಿಸಿಕೊಳ್ಳುತ್ತಾನೆ. ಅದೇ ಭಾಗದಲ್ಲಿ ಕಸ ಗೋರುವವನೊಬ್ಬನ ಚಿತ್ರವಿದೆ. ತಲೆಯ ಮೇಲೆ ಸ್ವರ್ಗದ ಕಿರೀಟವನ್ನು ಹಿಡಿದು ನಿಂತಿದ್ದರೂ ಅವನು ಕತ್ತೆತ್ತುವುದಿಲ್ಲ, ಕಡ್ಡಿ ಧೂಳನ್ನೇ ಗೋರುತ್ತಾನೆ. ಕತ್ತೆತ್ತದವನಿಗೆ ಕಿರೀಟ ಕಾಣದು, ನಿಜ. ಆದರೆ ಮೇಲೆ ಮಾತ್ರ ನೋಡುತ್ತಾ ನಡೆಯುವವನು ದಾರಿಯಲ್ಲಿ ಬಿದ್ದವರನ್ನು ಎಡವುತ್ತಾನೆ. ಎರಡೂ ಭಾಗಗಳನ್ನು ಕೂಡಿಸಿ ಓದಿದಾಗಲೇ ಈ ಸಮತೋಲನ ಗೊತ್ತಾಗುವುದು.

ಕೃತಿಗೆ ಮಿತಿಗಳೂ ಇವೆ. ಪೋಪ್ ಮತ್ತು ಅನ್ಯಧರ್ಮೀಯರನ್ನು ಇಲ್ಲಿ ಗುಹೆಯ ರಾಕ್ಷಸರನ್ನಾಗಿಸಲಾಗಿದೆ. ಹೊರೆಯ ವಿಷಯದಲ್ಲಿ ನಮಗೆ ಮೂಲಭೂತ ಭಿನ್ನಾಭಿಪ್ರಾಯವೂ ಇದೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲಾರರೆಂಬುದು ಕುರ್‌ಆನಿನ ನಿಲುವು. ಬನ್ಯನ್‌ರ ಯಾತ್ರಿಕನ ಹೊರೆಯಾದರೋ ಶಿಲುಬೆಯೆದುರು ಇಳಿಯುತ್ತದೆ. ಈ ಅಂತರವನ್ನು ಮರೆಮಾಚಬೇಕಾಗಿಲ್ಲ. ಲೋಕದಲ್ಲಿ ದಾರಿಹೋಕನಂತೆ ಬಾಳಬೇಕೆಂಬ ಬೋಧನೆಯು ಪ್ರವಾದಿ ಮುಹಮ್ಮದ್(ಸ)ರ ವಚನದಲ್ಲೂ ಇರುವಾಗ, ಈ ಯಾತ್ರಿಕ ನಮಗೆ ತೀರಾ ಅಪರಿಚಿತನೂ ಅಲ್ಲ.

ಧರ್ಮಕಾರ್ಯದ ಹೆಸರಿನಲ್ಲಿ ಮನೆಯವರ ಕರೆಗೆ ಕಿವುಡಾಗುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಪತ್ನಿಯ ಕಾಯಿಲೆ, ಮಕ್ಕಳ ಓದು, ಮುಪ್ಪಿನ ತಂದೆ ತಾಯಿಯ ಔಷಧಿ ಅವರಿಗೆ ಇಹಲೋಕದ ತೊಡಕುಗಳು. ನಾಳೆ ವಿಚಾರಣೆಯಿದೆ ಎಂದು ನಂಬುವವರು ಆ ವಿಚಾರಣೆಯಲ್ಲಿ ಇವೂ ಬರುತ್ತವೆಂದು ನಂಬಬೇಡವೇ? ಬನ್ಯನ್ 6 ವರ್ಷಗಳ ಬಳಿಕ ಮತ್ತೆ ಲೇಖನಿ ಹಿಡಿದು, ಹಿಂದೆ ಉಳಿದವರನ್ನೂ ದಾರಿಗೆ ಕರೆತಂದರು. ಮೊದಲ ಭಾಗಕ್ಕೇ ಪುಸ್ತಕ ಮುಚ್ಚುವವರು ಆ ಎರಡನೆಯದನ್ನೂ ಓದಬೇಕು.