ಹೆಬ್ಬಾರರ ಚಿತ್ರಗಳು ಮತ್ತು ಅವುಗಳನ್ನು ಕಾಪಾಡಿದ ಗೋಡೆಗಳು

ನವ್ಯ ಚಿತ್ರವೊಂದರ ಮುಂದೆ ನಿಂತಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದೇ: "ಇದರಾಗ ಏನ್ ತೆಗದಾರ್ರೀ?" ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಉತ್ತರ ಕೇಳುವವರ ಸೆರಗಿನ ಮೇಲೆಯೇ ಇದೆ. ಇಳಕಲ್ ಸೀರೆಯ ಮೇಲಿನ ಕಸೂತಿಯ ಆನೆ ಕಾಡಿನ ಆನೆಯಂತಿರುವುದಿಲ್ಲ. ಗವಂತಿ, ಮುರಗಿ ಹೊಲಿಗೆಯ ಕೆಲವು ಗೆರೆಗಳಲ್ಲಿ ಅದರ ಠೀವಿಯಷ್ಟೇ ಉಳಿದಿರುತ್ತದೆ. ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಹಿಡಿಯುವ ಈ ವಿದ್ಯೆ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಕೆ.ಕೆ. ಹೆಬ್ಬಾರರ ಕಲಾಜೀವನವನ್ನು ನಾನು ಈ ದೃಷ್ಟಿಯಿಂದ ನೋಡುತ್ತೇನೆ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, 1949-50ರಲ್ಲಿ ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿದರು. ಲಯವೆಂದರೇನೆಂದು ತಿಳಿಯಲು ಪಂಡಿತ ಸುಂದರ್ ಪ್ರಸಾದರಲ್ಲಿ ಕಥಕ್ ಕಲಿತರು. ಚಿತ್ರಕಾರನಿಗೆ ಗೆಜ್ಜೆ ಏಕೆ ಬೇಕಿತ್ತು ಎನ್ನುವವರು ಅವರ ರೇಖಾಚಿತ್ರಗಳನ್ನು ನೋಡಬೇಕು. ಮುರಿಯದೆ ಹರಿಯುವ ಗೆರೆಯಲ್ಲಿ ನರ್ತಕಿಯ ಮೈಯೆಲ್ಲ ಎದ್ದು ಬರುತ್ತದೆ.

ಮೊದಮೊದಲು ಹಳ್ಳಿಯ ಜನ, ಜಾತ್ರೆ, ದುಡಿಮೆ ಅವರ ವಸ್ತು. ಬರಬರುತ್ತ ಆಕೃತಿಗಳು ಕರಗಿ ಬೆಳಕು, ಕಡಲು, ಆಕಾಶಗಳ ಬಣ್ಣವಷ್ಟೇ ನಿಂತಿತು. ಇದು ಬದುಕಿಗೆ ಬೆನ್ನು ತಿರುಗಿಸಿದ್ದಲ್ಲ. ಕುಣಿಯುವವಳು ಮರೆಯಾಗಿ ಕುಣಿತ ಉಳಿದದ್ದು. ಆದರೂ ಕೊನೆಯ ಕಾಲದ ಎಲ್ಲ ಚಿತ್ರಗಳೂ ನನ್ನನ್ನು ಸಮನಾಗಿ ಹಿಡಿದಿಲ್ಲ. ಕೆಲವೆಡೆ ಬಣ್ಣ ಮೈದುಂಬಿದೆ, ಗೆರೆಯ ಬಿಗಿ ಸಡಿಲಿದೆ. 1996ರಲ್ಲಿ ತೀರಿಕೊಂಡ ಈ ಹಿರಿಯರನ್ನು ಗೌರವಿಸುತ್ತಲೇ ಇಷ್ಟು ಹೇಳಬಹುದು.

ಇಂಥ ಚಿತ್ರಗಳನ್ನು ಆಗ ಕೊಂಡವರು ಯಾರು? ವಿಜ್ಞಾನಿ ಹೋಮಿ ಭಾಭಾ ಅವರನ್ನು ಇಲ್ಲಿ ನೆನೆಯಬೇಕು. ತಾವೇ ಕುಂಚ ಹಿಡಿಯುತ್ತಿದ್ದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಾಗಿ ಹೆಬ್ಬಾರ, ಹುಸೇನ್, ಗಾಯತೊಂಡೆ ಮೊದಲಾದವರ ಕೃತಿಗಳನ್ನು ಕೊಂಡರು. ಅವರಲ್ಲಿ ಅನೇಕರಿಗೆ ಇನ್ನೂ ದೊಡ್ಡ ಬೆಲೆ ಬಂದಿರಲಿಲ್ಲ. ಚಿತ್ರಗಳು ತಿಜೋರಿ ಸೇರಲಿಲ್ಲ. ವಿಜ್ಞಾನಿಗಳು ದಿನಾ ಓಡಾಡುವ ಗೋಡೆಗಳಿಗೆ ಬಂದವು. ಎಚ್.ಕೆ. ಕೇಜ್ರಿವಾಲರು ತಮ್ಮ ಸಂಗ್ರಹವನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಕೊಟ್ಟರು. ಹೆಬ್ಬಾರರೂ ತಮ್ಮ ಕೃತಿಗಳನ್ನು ವೆಂಕಟಪ್ಪ ಚಿತ್ರಶಾಲೆಗೆ ಕೊಟ್ಟು ನಾಡಿನ ಜನರ ಮುಂದಿಟ್ಟರು.

ಈಗ ಮಾತೆಲ್ಲ ಹರಾಜಿನದು. ಬದುಕಿದ್ದಾಗ ಸದ್ದಿಲ್ಲದೆ ಇದ್ದು 2001ರಲ್ಲಿ ತೀರಿಹೋದ ಗಾಯತೊಂಡೆಯವರ ಒಂದು ಅಮೂರ್ತ ಚಿತ್ರ 2025ರಲ್ಲಿ 67 ಕೋಟಿ ರೂಪಾಯಿಗೂ ಮೀರಿ ಮಾರಾಟವಾಯಿತು. ಕಲಾವಿದನಿಗೆ ಮನ್ನಣೆ ಬಂತೆಂದು ಸಂತೋಷಪಡೋಣ. ಆದರೆ ಕೊಂಡ ಚಿತ್ರ ಮತ್ತೆ ಯಾರ ಕಣ್ಣಿಗೂ ಬೀಳದಿದ್ದರೆ ಅದನ್ನು ಕಾಪಾಡಿದಂತಾಯಿತೇ? ಬಂಗಾರವನ್ನು ಲಾಕರಿನಲ್ಲಿಟ್ಟು ಮರೆಯುವ ನಮಗೆ ಈ ನೋವು ಹೊಸದಲ್ಲ.

ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ನಮ್ಮ ಧಾರವಾಡ. ಹುಬ್ಬಳ್ಳಿಯಲ್ಲೂ ಕುಂಚ ಹಿಡಿದ ಹುಡುಗ ಹುಡುಗಿಯರಿದ್ದಾರೆ. ಹೊಸ ಮನೆ ಕಟ್ಟಿಸುವಾಗ ಗ್ರಾನೈಟಿಗೆ ಲೆಕ್ಕವಿಡದೆ ಸುರಿಯುವ ನಾವು, ಗೋಡೆಗೆ ಮಾತ್ರ ಪುಕ್ಕಟೆ ಬಂದ ಕ್ಯಾಲೆಂಡರು ತೂಗುಹಾಕುತ್ತೇವೆ. ಮುಂದಿನ ಪ್ರದರ್ಶನಕ್ಕೆ ಹೋದಾಗ ಕೈಲಾದಷ್ಟು ಕೊಟ್ಟು ಒಂದಾದರೂ ಚಿತ್ರ ತನ್ನಿ. ಬಂದವರು "ಇದರಾಗ ಏನ್ ಅದರೀ?" ಎಂದು ಕೇಳಿದರೆ ಚಹಾ ಕೊಟ್ಟು, ಅದರ ಎದುರಿಗೇ ಕೂಡ್ರಿಸಿರಿ.